ಹುಟ್ಟುವ ಒಂದು ವರ್ಷ ಮೊದಲೇ ಸತ್ತ ಅಜ್ಜ: ಆರು ತಲೆಮಾರು ಹುಡುಕಿದ ಲೆಕ್ಕ

ದೊಡ್ಡಪ್ಪ ತೀರಿಕೊಂಡ ಮೇಲೆ ಹೊಲದ ಪೌತಿ ಖಾತೆಗೆ ವಂಶವೃಕ್ಷ ಬೇಕಾಯಿತು. ನಾಡಕಚೇರಿಗೆ ಅರ್ಜಿ, ನೋಟರಿ ಅಫಿಡವಿಟ್, ತಲಾಠಿ ಸಹಿ. ಕೈಗೆ ಬಂದ ಕಾಗದದಲ್ಲಿ ಮೂರೇ ತಲೆಮಾರು ಇತ್ತು. ಖಾತೆ ಬದಲಾವಣೆಗೆ ಅಷ್ಟು ಸಾಕು. ನನಗೆ ಸಾಕಾಗಲಿಲ್ಲ. ಅದರ ಮೇಲಿನವರು ಯಾರು ಅಂತ ಕೇಳಿದರೆ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ನಿಂಗಪ್ಪಜ್ಜ ಬರಗಾಲದಾಗ ಎರಡು ಎತ್ತು, ಒಂದು ಬೀಸುಕಲ್ಲು ತಗೊಂಡು ಬಂದ. ನೂರು ವರ್ಷದ ಮ್ಯಾಲ ಬದುಕಿದ."

ಜುಲೈ 2023ಕ್ಕೆ ಶುರು ಮಾಡಿದ್ದು. ಈಗ ಫೆಬ್ರವರಿ 2025. ಕೆಲಸ ಮುಗಿದಿಲ್ಲ, ಒಂದು ಕಡೆ ಸಿಕ್ಕಿಕೊಂಡಿದೆ. ಇಲ್ಲಿಯವರೆಗೆ ಮಾಡಿದ್ದು, ಕೆಡಿಸಿದ್ದು ಎರಡನ್ನೂ ಬರೆದಿಡುತ್ತಿದ್ದೇನೆ. ನಮ್ಮದು ಹಾವೇರಿ ಜಿಲ್ಲೆ. ಊರಿನ ಹೆಸರು ಬರೆಯುವುದಿಲ್ಲ, ಹೊಲದ ವ್ಯಾಜ್ಯ ಇನ್ನೂ ಇದೆ.

ಹಂತ 1. ಜನಗಣತಿಯ ಹಿಂದೆ ಬಿದ್ದು ಎರಡು ವಾರ ಹಾಳು (ಜುಲೈ 2023)

ವಿಡಿಯೋ ನೋಡಿ ಕೆಟ್ಟೆ. ಬ್ರಿಟನ್ನಿನವರು ನೂರು ವರ್ಷ ಕಳೆದ ಜನಗಣತಿ ಹಾಳೆಗಳನ್ನು ತೆರೆದಿಡುತ್ತಾರೆ, 1921ರದ್ದು 2022ರ ಜನವರಿಯಲ್ಲಿ ಹೊರಗೆ ಬಂತು. ಅಮೆರಿಕದಲ್ಲಿ 72 ವರ್ಷ, ಅಲ್ಲಿ 1950ರದ್ದು ಅದೇ 2022ರ ಏಪ್ರಿಲ್‌ನಲ್ಲಿ ಸಿಕ್ಕಿತು. ಮನೆ ಮನೆಯ ಹೆಸರು, ವಯಸ್ಸು, ಕಸುಬು ಎಲ್ಲಾ ಇರುತ್ತದೆ. ನಮ್ಮಲ್ಲೂ 1872ರಿಂದ ಎಣಿಸುತ್ತಾ ಬಂದಿದ್ದಾರಲ್ಲ, ಎಲ್ಲೋ ಇರಲೇಬೇಕು ಅಂದುಕೊಂಡೆ.

ನಮ್ಮಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮು ನೇರವಾಗಿ ಹೇಳುತ್ತದೆ: ಗಣತಿದಾರ ಬರೆದುಕೊಂಡ ಪುಸ್ತಕ, ದಾಖಲೆ ನೋಡುವ ಹಕ್ಕು ಯಾರಿಗೂ ಇಲ್ಲ. ಎಷ್ಟು ವರ್ಷ ಕಳೆದರೂ ತೆರೆಯುತ್ತೇವೆ ಅನ್ನುವ ಮಾತು ಅದರಲ್ಲಿಲ್ಲ. ಇದನ್ನು ಮೊದಲ ದಿನವೇ ಓದಿದ್ದರೆ ಎರಡು ವಾರ ಉಳಿಯುತ್ತಿತ್ತು.

ಹೆಸರು ಸಿಗುವುದಿಲ್ಲ, ಸರಿ. ಊರು ಸಿಗುತ್ತದೆ. ಜಿಲ್ಲಾ ಜನಗಣತಿ ಕೈಪಿಡಿಗಳು ಜನಗಣತಿ ಇಲಾಖೆಯ ಜಾಲತಾಣದಲ್ಲೇ ಇವೆ. ಊರೂರಿನ ಜನಸಂಖ್ಯೆ, ಮನೆಗಳ ಸಂಖ್ಯೆ, ವಿಸ್ತೀರ್ಣ ಎಲ್ಲಾ ಪಟ್ಟಿ ಮಾಡಿದ್ದಾರೆ. ಒಂದು ಎಚ್ಚರಿಕೆ: ಹಾವೇರಿ ಜಿಲ್ಲೆ ಆದದ್ದೇ 1997ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಧಾರವಾಡ ಜಿಲ್ಲೆಯ ಸಂಪುಟ ತೆಗೆಯಬೇಕು. 1951ರದ್ದಂತೂ ಮುಂಬೈ ರಾಜ್ಯದ ಕೆಳಗೆ ಇರುತ್ತದೆ. ನಾನು "ಹಾವೇರಿ 1961" ಅಂತ ಟೈಪ್ ಮಾಡಿ ಏನೂ ಇಲ್ಲ ಅಂತ ಬೈದುಕೊಂಡಿದ್ದೆ.

ಇಳಿಸಿಕೊಂಡು ಒಂದು ಫೋಲ್ಡರಿಗೆ ಹಾಕಿದೆ. ಊರಿನ ಪಟ್ಟಿಯನ್ನು ಎಕ್ಸೆಲ್‌ಗೆ ತಂದು, ಹಗುರ ಮಾಡೋಣ ಅಂತ ಜನಸಂಖ್ಯೆ ಸೊನ್ನೆ ಇದ್ದ ಸಾಲುಗಳನ್ನೆಲ್ಲ ಅಳಿಸಿದೆ. ಜನರೇ ಇಲ್ಲದ ಊರು ಯಾರಿಗೆ ಬೇಕು ಅಂತ. ಇದು ಮುಂದೆ ಏಳು ತಿಂಗಳು ತಿಂದಿತು.

ಹಂತ 2. ಟ್ರಂಕು, ಮತ್ತು 60 ರೂಪಾಯಿಯ ಲ್ಯಾಮಿನೇಷನ್ (ಆಗಸ್ಟ್ 2023)

ಅಟ್ಟದ ಮೇಲೆ ಅಜ್ಜನ ಕಬ್ಬಿಣದ ಟ್ರಂಕು. ಒಳಗೆ ಕಂದಾಯದ ರಸೀದಿ, ಎರಡು ಜಾತಕ, ಮದುವೆ ಮುಯ್ಯಿ ಬರೆದ ಪುಸ್ತಕ, ಮಡಚಿ ಮಡಚಿ ಹರಿಯುವ ಹಂತಕ್ಕೆ ಬಂದ ಒಂದು ಛಾಪಾ ಕಾಗದ. ಅದು ಸಾಲದ ಪತ್ರ. ಬರಹ ಕನ್ನಡವೇ, ಆದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದ ಮೋಡಿ ಬರಹ. ನನಗೆ ಓದಲು ಬಂದದ್ದು ಎರಡೇ: ಇಸವಿ 1924, ಮೊತ್ತ ನೂರಾ ಇಪ್ಪತ್ತು ರೂಪಾಯಿ. ಕೆಳಗೆ ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ಮೂರು ಸಾಕ್ಷಿ.

ಹರಿದು ಹೋಗಬಾರದು ಅಂತ ಪೇಟೆಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ. 60 ರೂಪಾಯಿ. ಇಡೀ ಕೆಲಸದಲ್ಲಿ ಇದಕ್ಕಿಂತ ಕಡಿಮೆ ಖರ್ಚಿನದು ಬೇರೆ ಇಲ್ಲ, ಇದಕ್ಕಿಂತ ದೊಡ್ಡ ತಪ್ಪೂ ಇಲ್ಲ. ಮಷೀನಿನ ಬಿಸಿಗೆ ಕಾಗದ ಒಂದು ಕಡೆ ಸುಕ್ಕಾಗಿ ಮಡಚಿಕೊಂಡಿತು. ಆ ಮಡಿಕೆ ಮೂರನೇ ಸಾಕ್ಷಿಯ ಸಾಲಿನ ಮೇಲೆಯೇ ಕೂತಿತು. ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಮುಗಿಯಿತು, ಬಿಡಿಸಲು ಹೋದರೆ ಕಾಗದವೂ ಅದರ ಜೊತೆ ಬರುತ್ತದೆ. ಮೊದಲು ಒಂದು ಫೋಟೋ ತೆಗೆದುಕೊಳ್ಳಬೇಕಿತ್ತು. ತೆಗೆಯಲಿಲ್ಲ. ಫೋನು ಜೇಬಿನಲ್ಲೇ ಇತ್ತು.

ಈಗಿನ ಕ್ರಮ ಇದು. ಮೊದಲು ಫೋಟೋ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಆಮೇಲೆ ಮಡಿಕೆ ಬಿಡಿಸಿ ದಪ್ಪ ಪುಸ್ತಕದ ನಡುವೆ ಎರಡು ಬಿಳಿ ಹಾಳೆ ಇಟ್ಟು ಒಂದು ವಾರ. ಆಮೇಲೆ ಕಾಗದದ ಲಕೋಟೆ. ಸೆಲ್ಲೋಟೇಪ್ ಇಲ್ಲ, ಸ್ಟೇಪ್ಲರ್ ಇಲ್ಲ, ಗುರುತು ಬೇಕಾದರೆ ಲಕೋಟೆಯ ಮೇಲೆ ಪೆನ್ಸಿಲ್.

ಹಂತ 3. ಅತ್ತಿಯ ಮಾತು (ಸೆಪ್ಟೆಂಬರ್ 2023ರಿಂದ)

ಅಪ್ಪನ ಅಕ್ಕ, ನಮ್ಮ ಅತ್ತಿ, ಆಗ 86. ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಒಟ್ಟು ಹನ್ನೊಂದು ಗಂಟೆ. ಅದರಲ್ಲಿ ಮೊದಲ ಮೂರು ಗಂಟೆ ದಂಡ.

ನಾನು ಕೇಳಿದ್ದು ಹೀಗೆ (ಧಾತು ಬರ ಅಂದರೆ ಧಾತು ಸಂವತ್ಸರದ ದೊಡ್ಡ ಬರಗಾಲ): "ಧಾತು ಬರಕ್ಕ ನಮ್ಮವರು ಬಂದಿದ್ದು, ಅಲ್ವಾ ಅತ್ತಿ?" ಅವಳು: "ಹೂಂ ತಮ್ಮಾ, ಬರಕ್ಕ." ಮರುದಿನ ನನ್ನ ತಮ್ಮ ಸುಮ್ನೆ ಪರೀಕ್ಷೆ ಮಾಡೋಣ ಅಂತ ಕೇಳಿದ: "ಪ್ಲೇಗಿಗೆ ಬಂದಿದ್ದಂತಲ್ಲ?" ಅವಳು: "ಹೂಂ, ಪ್ಲೇಗಿಗೆ." ಪಾಪ, ಅವಳು ಸುಳ್ಳು ಹೇಳುತ್ತಿರಲಿಲ್ಲ. ಹುಡುಗರು ಓದಿದವರು, ಅವರಿಗೆ ಗೊತ್ತಿರುತ್ತದೆ ಅಂತ ಒಪ್ಪಿಕೊಳ್ಳುತ್ತಿದ್ದಳು.

ಆಮೇಲೆ ವರ್ಷ ಕೇಳುವುದನ್ನೇ ಬಿಟ್ಟೆ. ವಸ್ತು ಕೇಳಿದೆ. ಈ ಬೀಸುಕಲ್ಲು ಯಾವ ಕೋಣೆಯಲ್ಲಿ ಇತ್ತು? ಬೀಸುತ್ತಿದ್ದವರು ಯಾರು? ಅವರು ಯಾರನ್ನು ನೆನೆದು ಅಳುತ್ತಿದ್ದರು? ಆಗ ಬಂತು ನೋಡಿ: "ಆಯಿ ಬೀಸ್ತಿದ್ಲು. ಗಂಡ ದೊಡ್ಡ ಜ್ವರದಾಗ ಹ್ವಾದ, ಮಗ ಇನ್ನಾ ಹಲ್ಲು ಬಿದ್ದಿರಲಿಲ್ಲ ಅಂತಿದ್ಲು. ಮಗ ಅಂದ್ರ ನಮ್ಮಪ್ಪ." ಆಯಿ ಅಂದರೆ ಅತ್ತಿಯ ಅಜ್ಜಿ, ಅವಳ ಮಗ ನನ್ನ ಅಜ್ಜ. ಹಾಲುಹಲ್ಲು ಬೀಳುವುದು ಆರು ಏಳರಲ್ಲಿ. ಇಸವಿ ಕೇಳಿದ್ದರೆ ಇದು ಸಿಗುತ್ತಿರಲಿಲ್ಲ.

ಬೀಸುಕಲ್ಲನ್ನೂ ಅಳೆದೆ. ಅಡ್ಡಗಲ 41 ಸೆಂಟಿಮೀಟರ್. ತೊಳೆದು ನೋಡಿದಾಗ ಗೊತ್ತಾಯಿತು, ಮೇಲಿನ ಕಲ್ಲು ಕೆಂಪು ಛಾಯೆಯದು, ಕೆಳಗಿನದು ಬೂದು. ಎರಡೂ ಒಂದೇ ಬಂಡೆಯದಲ್ಲ. ತಂದದ್ದು ಒಂದೇ ಹೋಳು ಇರಬೇಕು, ಇನ್ನೊಂದು ಇಲ್ಲಿ ಮಾಡಿಸಿದ್ದು. ಮನೆಯಲ್ಲಿ ಈ ಕಲ್ಲಿನ ಕಥೆ ಹೇಳಿದವರು ಯಾರೂ ಇದನ್ನು ಗಮನಿಸಿರಲಿಲ್ಲ.

ಹಂತ 4. ಸಂವತ್ಸರದಿಂದ ಇಸವಿಗೆ (ನವೆಂಬರ್ 2023)

ಹಳಬರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಟ್ರಂಕಿನ ಜಾತಕದಲ್ಲಿ ಅಜ್ಜ ಹುಟ್ಟಿದ್ದು ಪರಿಧಾವಿ ಸಂವತ್ಸರ. ಜಾಲದಲ್ಲಿ ಒಂದು ಪರಿವರ್ತಕ ಸಿಕ್ಕಿತು, ಹಾಕಿದೆ, 1900ರ ಆಸುಪಾಸು ಬಂತು. ಬರೆದುಕೊಂಡೆ. ತಪ್ಪು.

ಅದು ಉತ್ತರ ಭಾರತದ ಲೆಕ್ಕ. ಅರವತ್ತು ಹೆಸರು ಎರಡೂ ಕಡೆ ಅವೇ, ಆದರೆ ಅಲ್ಲಿನ ಸರದಿ ನಮ್ಮದಕ್ಕಿಂತ ಹತ್ತು ವರ್ಷಕ್ಕೂ ಜಾಸ್ತಿ ಮುಂದೆ ಓಡುತ್ತಿದೆ. ನಮ್ಮ ಕಡೆಯ ಲೆಕ್ಕಕ್ಕೆ ಒಂದು ಗೂಟ ನೆಟ್ಟುಕೊಂಡರೆ ಸಾಕು: 1987ರ ಯುಗಾದಿಯಿಂದ ಪ್ರಭವ. ಅಲ್ಲಿಂದ ಅರವತ್ತು ಹಿಂದೆ 1927, ಇನ್ನೂ ಅರವತ್ತು ಹಿಂದೆ 1867. ಉಳಿದದ್ದು ಬೆರಳೆಣಿಕೆ. ಧಾತು ಹತ್ತನೆಯದು, ಅಂದರೆ 1876-77. ಈಶ್ವರ 1877-78. ಬರಗಾಲ ಈ ಎರಡೂ ವರ್ಷ ಹರಡಿತ್ತು. ಪ್ಲೇಗ್ ನಮ್ಮ ಕಡೆ ಹೊಕ್ಕ ವಿಳಂಬಿ 1898-99. ಪರಿಧಾವಿ 1912-13. ಕಾಳಯುಕ್ತಿ 1918-19, ಅದೇ ಇನ್‌ಫ್ಲೂಯೆಂಜಾದ ವರ್ಷ, ಅತ್ತಿ ಹೇಳಿದ ದೊಡ್ಡ ಜ್ವರ.

ಅಂದರೆ ಅಜ್ಜ ಹುಟ್ಟಿದ್ದು 1912ರಲ್ಲಿ, ದೊಡ್ಡ ಜ್ವರ ಬಂದಾಗ ಆರು ವರ್ಷ. ಅತ್ತಿಯ ಹಲ್ಲಿನ ಲೆಕ್ಕಕ್ಕೆ ಸರಿಯಾಗಿ ಕೂತಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಸಂವತ್ಸರದ ಒಂದು ತೊಂದರೆ ಎಂದರೆ ಅರವತ್ತು ವರ್ಷಕ್ಕೆ ಅದೇ ಹೆಸರು ತಿರುಗಿ ಬರುತ್ತದೆ. ಹಾಗಾಗಿ ಒಂಟಿ ಸಂವತ್ಸರ ನಂಬಬೇಡಿ, ಜೊತೆಗೆ ಒಂದು ಬರವೋ ರೋಗವೋ ನೆರೆಯೋ ಇರಬೇಕು.

ಹಂತ 5. ಶಾಲೆ, ಮತದಾರರ ಪಟ್ಟಿ

ಇದು ಬೇಗ ಮುಗಿಯಿತು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅಪ್ಪನ ಹುಟ್ಟಿದ ದಿನ 1-6-1948. ಅದೇ ಪುಟದಲ್ಲಿ ಇನ್ನೂ ಹದಿನೇಳು ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ. ಮೇಷ್ಟ್ರು ಹಾಕಿದ ದಿನಾಂಕ. ವರ್ಷ ಮಾತ್ರ ತೆಗೆದುಕೊಂಡೆ, ಅದೂ ಒಂದೆರಡು ಆಚೀಚೆ. ಅಜ್ಜ ಶಾಲೆಗೆ ಹೋದವನಲ್ಲ. 2002ರ ಮತದಾರರ ಪಟ್ಟಿಯಿಂದ ಮದುವೆಯಾಗಿ ಹೋದ ಇಬ್ಬರು ಅತ್ತೆಯರ ಮನೆ ಗೊತ್ತಾಯಿತು, ಯಾಕೆಂದರೆ ಅದರಲ್ಲಿ ಗಂಡನ ಹೆಸರು, ಮನೆ ನಂಬರು ಇರುತ್ತದೆ.

ಹಂತ 6. ಉತಾರ, ಡೈರಿ, ಮತ್ತು ಸತ್ತ ಅಜ್ಜ (ಜನವರಿಯಿಂದ ಜೂನ್ 2024)

ಇಲ್ಲಿ ಆರು ತಿಂಗಳು ಹೋಯಿತು. ಎಲ್ಲಾ ಸಿಕ್ಕಿದ್ದೂ ಇಲ್ಲೇ.

ಭೂಮಿ ತಂತ್ರಾಂಶದಲ್ಲಿ ಸಿಗುವುದು ಸುಮಾರು 2000ದಿಂದ ಈಚಿನ ಉತಾರ, ಅಂದರೆ ಪಹಣಿ. ಅದರ ಹಿಂದಿನದು ಕೈಬರಹ, ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ನಮ್ಮದು ಹಿಂದೆ ಮುಂಬೈ ಪ್ರಾಂತ. ಅಲ್ಲಿ ಹಕ್ಕು ದಾಖಲೆ ಬರೆಯಲು 1903ರಲ್ಲೇ ಕಾಯ್ದೆ ಆಯಿತು. ಹಾಗಾಗಿ ಅದೃಷ್ಟ ಇದ್ದರೆ ನೂರು ವರ್ಷ ಹಿಂದಕ್ಕೆ ಹೋಗಬಹುದು. ನಮಗೆ ಬೇಕಾದ್ದು ಡೈರಿ: ಖಾತೆದಾರ ಸತ್ತಾಗ, ಮಾರಿದಾಗ, ವಾಟ್ನಿ (ಪಾಲು) ಆದಾಗ ಬರೆಯುವ ನಮೂದು. ಯಾರು ಸತ್ತರು, ವಾರಸುದಾರ ಯಾರು ಅಂತ ಅದರಲ್ಲೇ ಇರುತ್ತದೆ. ಹಳೆ ಉತಾರದಲ್ಲಿ ಹೆಸರಿನ ಪಕ್ಕ ಡೈರಿ ನಂಬರು ಬರೆದಿರುತ್ತಾರೆ. ಆ ನಂಬರು ಹಿಡಿದು ಹಿಂದೆ ಹಿಂದೆ ಹೋಗುವುದು.

ಮೊದಲ ಎಡವಟ್ಟು: ಕೈಬರಹದಲ್ಲಿ ಸರ್ವೆ ನಂಬರು ೬೯ ಅಂತ ಓದಿಕೊಂಡೆ. ನಕಲಿಗೆ ಅರ್ಜಿ ಹಾಕಿದೆ. ಮೂರು ವಾರ ಕಾದು ಬಂದದ್ದು ಬೇರೆ ಯಾರದೋ ಹೊಲದ ಚರಿತ್ರೆ. ಅದನ್ನೂ ಒಂದು ದಿನ ಕೂತು ನಮ್ಮದೇ ಅಂತ ಓದಿದೆ, ಅಲ್ಲೂ ಒಬ್ಬ ಬಸಪ್ಪ ಇದ್ದ. ನಮ್ಮದು ೯೬. ಹಳೆಯ ಕೈಬರಹದಲ್ಲಿ ೬ ಮತ್ತು ೯ ಬಹಳ ಮೋಸ ಮಾಡುತ್ತವೆ. ಈಗ ಅದೇ ಪುಟದಲ್ಲಿ ಕ್ರಮಸಂಖ್ಯೆ ಎಲ್ಲಿದೆ ನೋಡಿ, ಆ ಗುಮಾಸ್ತ ೬ ಹೇಗೆ ಬರೆಯುತ್ತಿದ್ದ ಅಂತ ಮೊದಲು ಪೆನ್ಸಿಲ್‌ನಲ್ಲಿ ತಿದ್ದಿ ಕಲಿಯುತ್ತೇನೆ. ಆಮೇಲೆ ವಿಸ್ತೀರ್ಣ ತಾಳೆ ನೋಡುತ್ತೇನೆ. ಹೊಲ ಒಡೆಯದಿದ್ದರೆ ಎಕರೆ ಗುಂಟೆ ಬದಲಾಗುವುದಿಲ್ಲ. ನಮ್ಮದು 4 ಎಕರೆ 17 ಗುಂಟೆ, 1990ರಲ್ಲೂ ಅಷ್ಟೇ, ಹಳೆ ಪುಟದಲ್ಲೂ ಅಷ್ಟೇ.

ಎರಡನೆಯದು: ಒಂದು ವಹಿಗೆ ಗೆದ್ದಲು ಹತ್ತಿತ್ತು. 1940ರ ದಶಕದ ಸುಮಾರು ಪುಟ ಪುಡಿ. ಯಾರಿಗೆ ಬೈಯುವುದು.

ಮೂರನೆಯದು ನಗೆಪಾಟಲು. 1919ರ ಡೈರಿ ಸಿಕ್ಕಿತು. ಅದರಲ್ಲಿ ಹೀಗೆ: "ನಿಂಗಪ್ಪ ಬಸಪ್ಪ ಮೃತ. ವಾರಸ ಬಸಪ್ಪ ನಿಂಗಪ್ಪ, ಅ.ಪಾ.ಕ. ತಾಯಿ ನೀಲವ್ವ." ಚುಕ್ಕೆಗಳು ಮಾಸಿದ್ದವು. ನಾನು "ಅಪಾಕ" ಅನ್ನುವುದು ಒಬ್ಬ ಮನುಷ್ಯನ ಹೆಸರು ಅಂದುಕೊಂಡೆ. ಅಪಾಕ ಎಂಬ ಒಬ್ಬ ಹೊಸ ಮಗನನ್ನು ವಂಶವೃಕ್ಷಕ್ಕೆ ಸೇರಿಸಿ, ಅವನ ಸಂತತಿ ಏನಾಯಿತು ಅಂತ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿಯೂಬಿಟ್ಟೆ. ನಿವೃತ್ತ ಗುಮಾಸ್ತರೊಬ್ಬರು ನೋಡಿ ನಕ್ಕರು. ಅದು ಅಜ್ಞಾನ ಪಾಲನ ಕರ್ತ. ಅಂದರೆ ವಾರಸುದಾರ ಇನ್ನೂ ಚಿಕ್ಕವನು, ಅವನ ಪರವಾಗಿ ನೋಡಿಕೊಳ್ಳುವವಳು ತಾಯಿ. ಮೂರು ಅಕ್ಷರದಲ್ಲಿ ಇಡೀ ಮನೆಯ ಸ್ಥಿತಿ ಇತ್ತು, ನಾನು ಅದಕ್ಕೆ ಮೀಸೆ ಬರೆದು ಮನುಷ್ಯನನ್ನಾಗಿ ಮಾಡಿದ್ದೆ.

ಇನ್ನು ದೊಡ್ಡದು. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರು. ದಾಖಲೆಯಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಹಾಗಾಗಿ ನಮ್ಮ ಮನೆಯಲ್ಲಿ ನೂರೈವತ್ತು ವರ್ಷ ಇದ್ದದ್ದು ಎರಡೇ ಹೆಸರು: ಬಸಪ್ಪ ನಿಂಗಪ್ಪ, ನಿಂಗಪ್ಪ ಬಸಪ್ಪ, ಮತ್ತೆ ಬಸಪ್ಪ ನಿಂಗಪ್ಪ. ನಾನು ಹೆಸರು ಒಂದೇ ಕಂಡಲ್ಲೆಲ್ಲ ಒಬ್ಬನೇ ಮನುಷ್ಯ ಅಂತ ಜೋಡಿಸುತ್ತಾ ಹೋದೆ. ಬರಗಾಲದಲ್ಲಿ ಬಂದ ನಿಂಗಪ್ಪಜ್ಜ, 1918ರ ಜ್ವರಕ್ಕೆ ಹೋದ ನಿಂಗಪ್ಪ, ಇಬ್ಬರೂ ಒಬ್ಬರೇ. ಮನೆಯವರೂ ಹಾಗೇ ಹೇಳುತ್ತಿದ್ದರಲ್ಲ, ನೂರು ವರ್ಷ ಬದುಕಿದ ಅಂತ.

ಆಮೇಲೆ 1911ರ ಡೈರಿ ಬಂತು. "ಬಸಪ್ಪ ನಿಂಗಪ್ಪ ಮೃತ, ವಾರಸ ನಿಂಗಪ್ಪ ಬಸಪ್ಪ." ಬಸಪ್ಪ ನಿಂಗಪ್ಪ ಅಂದರೆ ನಮ್ಮಜ್ಜ. ಅವನು ಹುಟ್ಟಿದ್ದು 1912ರಲ್ಲಿ. ಸರ್ಕಾರದ ಪ್ರಕಾರ ಹುಟ್ಟುವ ಒಂದು ವರ್ಷ ಮೊದಲೇ ಸತ್ತಿದ್ದಾನೆ.

ಮೊದಲಿಗೆ ಗುಮಾಸ್ತನ ತಪ್ಪು ಅಂದುಕೊಂಡೆ. ನಾಲ್ಕು ದಿನ ಹಾಗೇ ಇಟ್ಟೆ. ಐದನೇ ದಿನ ಅತ್ತಿಗೆ ಹೇಳಿದೆ. ಅವಳಿಗೆ ಗೊಂದಲವೇ ಆಗಲಿಲ್ಲ. "ಹಿರಿಯಾ ಸತ್ತ, ಮರು ವರ್ಷ ಗಂಡು ಹುಟ್ಟಿತು. ಸತ್ತಾವ ತಿರುಗಿ ಬಂದ ಅಂತ ಅದ ಹೆಸರು ಇಟ್ರು. ಮತ್ತೇನ್ ಇಡ್ತಾರ?"

ಅಷ್ಟೇ. 1911ರಲ್ಲಿ ಸತ್ತವನು ಅಜ್ಜನ ಅಜ್ಜ. 1919ರ ಡೈರಿಯಲ್ಲಿ ಸತ್ತವನು ಅಜ್ಜನ ಅಪ್ಪ, ಚಿಕ್ಕ ಮಗನನ್ನು ಬಿಟ್ಟು ಹೋದ ಹರೆಯದವನು. ಬರಗಾಲದಲ್ಲಿ ಬಂದವನು ಇವರಿಬ್ಬರಿಗಿಂತ ಹಿಂದಿನ ಇನ್ನೊಬ್ಬ ನಿಂಗಪ್ಪ. ನೂರು ವರ್ಷದ ಮುದುಕ ಇರಲೇ ಇಲ್ಲ. ಮನೆಯವರು ಇಬ್ಬರು ನಿಂಗಪ್ಪರನ್ನು ಹೊಲಿದು ಒಬ್ಬನನ್ನಾಗಿ ಮಾಡಿದ್ದರು. ನಾನು ಕಾಗದದ ಮೇಲೆ ಅದನ್ನೇ ಮಾಡಿದ್ದೆ.

ಪರಿಹಾರ: ಹೆಸರಿನ ಬದಲು ಸಂಖ್ಯೆ. ನಾನು 1, ಅಪ್ಪ 2, ಅವ್ವ 3. ಯಾರ ಸಂಖ್ಯೆ ಎಷ್ಟೋ ಅವರ ಅಪ್ಪನದು ಅದರ ಎರಡರಷ್ಟು, ತಾಯಿಯದು ಎರಡರಷ್ಟಕ್ಕೆ ಒಂದು ಕೂಡಿಸಿ. ಈಗ ನಮ್ಮ ಮನೆಯಲ್ಲಿ 2 ನಿಂಗಪ್ಪ, 4 ಬಸಪ್ಪ, 8 ನಿಂಗಪ್ಪ, 16 ಬಸಪ್ಪ, 32 ನಿಂಗಪ್ಪ. ನೀಲವ್ವ 9. ಎಕ್ಸೆಲ್‌ನಲ್ಲಿ ಒಂದೊಂದು ಸಾಲಿಗೆ ಸಂಖ್ಯೆ, ಹೆಸರು, ಎಲ್ಲಿಂದ ಗೊತ್ತಾಯಿತು, ಯಾವ ದಿನ ಬರೆದುಕೊಂಡೆ. ಪಕ್ಕದಲ್ಲಿ "ಕಾ" ಅಂದರೆ ಕಾಗದ, "ಬಾ" ಅಂದರೆ ಬಾಯಿಮಾತು. ಎರಡೂ ಇದ್ದರೆ ಮಾತ್ರ ಹಸಿರು ಬಣ್ಣ. ಗ್ರಾಂಪ್ಸ್ ಅಂತ ಉಚಿತ ತಂತ್ರಾಂಶ ಇದೆ, ಅದರಲ್ಲೂ ಹಾಕಿದ್ದೇನೆ. ನಿಜ ಹೇಳಬೇಕೆಂದರೆ ದಿನಾ ತೆಗೆಯುವುದು ಎಕ್ಸೆಲನ್ನೇ.

1919ರ ನಕಲನ್ನು ಅತ್ತಿಗೆ ಓದಿ ಹೇಳಿದ ದಿನ ಇನ್ನೊಂದು ಆಯಿತು. ಅವಳು ಹುಟ್ಟಿನಿಂದ ಹತ್ತು ಹನ್ನೊಂದು ವರ್ಷ ಆ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಗಾಂಧಿ ಸತ್ತ ವರ್ಷವೇ ಆಯಿ ಹೋದದ್ದು ಅಂತ ಅವಳಿಗೆ ನೆನಪಿದೆ. ಆಯಿ ಯಾವ ಕೈಯಲ್ಲಿ ಬೀಸುತ್ತಿದ್ದಳು ಅನ್ನುವುದೂ ನೆನಪಿದೆ. "ನೀಲವ್ವ" ಅಂತ ನಾನು ಓದಿದಾಗ ಯಾರದು ಅಂತ ಕೇಳಿದಳು. "ಆಯಿ ಹೆಸರ ನೀಲವ್ವ ಏನು? ನಾವು ಆಯಿ ಅಂತಿದ್ವಿ. ನಮ್ಮವ್ವ ಅತ್ತಿ ಅಂತಿದ್ಲು. ಹೆಸರ ಯಾರ ಕರೀತಿದ್ರು?"

ಹಂತ 7. ಅಳಿಸಿದ ಸಾಲಿನಲ್ಲಿದ್ದ ಊರು (ಆಗಸ್ಟ್ 2024)

32 ನಿಂಗಪ್ಪ ಎಲ್ಲಿಂದ ಬಂದ? ಅತ್ತಿ ಒಂದು ಊರಿನ ಹೆಸರು ಹೇಳುತ್ತಿದ್ದಳು. ನಕ್ಷೆಯಲ್ಲಿ ಇಲ್ಲ, ಬಸ್ಸಿನ ಬೋರ್ಡಿನಲ್ಲಿ ಇಲ್ಲ, ನನ್ನ ಎಕ್ಸೆಲ್‌ನಲ್ಲೂ ಇಲ್ಲ. ಜನವರಿಯಿಂದ ಹುಡುಕಿ ಹುಡುಕಿ, ಕಥೆಯಲ್ಲಿ ಸೇರಿಕೊಂಡ ಹೆಸರು ಅಂತ ಬಿಟ್ಟಿದ್ದೆ.

ಆಗಸ್ಟ್‌ನಲ್ಲಿ ಬೇರೆ ಏನೋ ನೋಡಲು 1961ರ ಧಾರವಾಡ ಕೈಪಿಡಿಯ ಮೂಲ ಪುಟ ತೆಗೆದೆ. ಅಲ್ಲಿ ಪಕ್ಕದ ತಾಲೂಕಿನಲ್ಲಿ ಆ ಹೆಸರು ಇತ್ತು. ಎದುರಿಗೆ ಜನಸಂಖ್ಯೆ ಇಲ್ಲ. ನಿರ್ಜನ ಗ್ರಾಮ. ರೆವಿನ್ಯೂದವರು ಬೇಚಿರಾಕ್ ಅನ್ನುತ್ತಾರೆ, ದೀಪ ಹಚ್ಚುವವರಿಲ್ಲದ ಊರು. ಜನ ಹೋದರೂ ಗ್ರಾಮದ ಹೆಸರು, ಗಡಿ, ಸರ್ವೆ ನಂಬರು ದಾಖಲೆಯಲ್ಲಿ ಉಳಿದಿರುತ್ತವೆ. 2011ರ ಪಟ್ಟಿಯಲ್ಲೂ ಇತ್ತು. ಅದನ್ನು ಹಂತ 1ರಲ್ಲಿ ನಾನೇ ಅಳಿಸಿದ್ದೆ, ಸೊನ್ನೆ ಅಂತ.

ಅದೇ ವಾರ ಹಳೆಯ ಗಣತಿಯ ಜಿಲ್ಲಾ ಅಂಕಿ ನೋಡಿದೆ. ಧಾರವಾಡ ಜಿಲ್ಲೆ 1872ರಲ್ಲಿ ಸುಮಾರು 9 ಲಕ್ಷ 88 ಸಾವಿರ, 1881ರಲ್ಲಿ ಸುಮಾರು 8 ಲಕ್ಷ 82 ಸಾವಿರ. ಒಂಬತ್ತು ವರ್ಷದಲ್ಲಿ ಬೆಳೆಯಬೇಕಾದ ಜಿಲ್ಲೆ ಲಕ್ಷಕ್ಕೂ ಜಾಸ್ತಿ ಕುಗ್ಗಿತ್ತು. ಪಕ್ಕದ ಮೈಸೂರು ಸಂಸ್ಥಾನ 50 ಲಕ್ಷದಿಂದ 42 ಲಕ್ಷದೊಳಗೆ ಇಳಿಯಿತು. ಊರು ಹಾಳಾದದ್ದು ನಮ್ಮೊಬ್ಬರ ಕಥೆ ಆಗಿರಲಿಲ್ಲ.

ಬೈಕಿನಲ್ಲಿ ಹೋದೆವು, ನಾನು ಮತ್ತು ತಮ್ಮ. ಮೆಕ್ಕೆಜೋಳದ ನಡುವೆ ಒಂದು ಬಸವಣ್ಣನ ಗುಡಿ, ಕಲ್ಲು ಜರಿದ ಒಂದು ಬಾವಿ, ನೆಲದಲ್ಲಿ ಗೋಡೆಯ ಗೆರೆ. ಅಷ್ಟೇ ಇರುವುದು. ಅಲ್ಲಿನ ಕಲ್ಲಿಗೆ ಕೆಂಪು ಛಾಯೆ ಇದೆ. ನಮ್ಮ ಬೀಸುಕಲ್ಲಿನ ಮೇಲಿನ ಹೋಳಿನದೇ ಬಣ್ಣ ಅನಿಸಿತು. ಎಕ್ಸೆಲ್‌ನಲ್ಲಿ "ಅನಿಸಿತು" ಅಂತಲೇ ಬರೆದಿದ್ದೇನೆ, ಹಸಿರು ಹಚ್ಚಿಲ್ಲ.

ಹಂತ 8. ಹೆಳವರು ಬಂದರು (ಜನವರಿ 2025)

ಹೆಳವರು ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಟೆಂಪೋದಲ್ಲಿ ಬಂದರು. ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ಹೆಸರುಗಳನ್ನು ಹಾಡಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುವವರು. ನಮ್ಮ ಮನೆಗೆ ಬರದೆ ಹದಿನಾಲ್ಕು ವರ್ಷ ಆಗಿತ್ತು. ಅಪ್ಪ ಅವರ ಊರು ಪತ್ತೆ ಮಾಡಿ ಹೇಳಿ ಕಳಿಸಿದ್ದರು.

ಹಂತ 3ರ ಪಾಠ ನೆನಪಿತ್ತು. ನನ್ನ ಪಟ್ಟಿ ತೋರಿಸಲಿಲ್ಲ, ಬಾಯಿ ಬಿಡಲಿಲ್ಲ. ಹಿರಿಯ ಹೆಳವ ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆ ಪುಸ್ತಕ ಬಿಚ್ಚಿ ಶುರು ಮಾಡಿದ. ಮೊದಲು ಹೊಗಳಿಕೆ: ನಿಮ್ಮ ಮೂಲಪುರುಷ ದಂಡಿನ ನಾಯಕ, ಆನೆ ಕಟ್ಟಿದ ಮನೆ. ಅದನ್ನು ಬಿಟ್ಟುಬಿಡಿ, ಎಲ್ಲರ ಮನೆಯಲ್ಲೂ ಆನೆ ಕಟ್ಟಿರುತ್ತಾರೆ. ಆಮೇಲೆ ಹೆಸರು ಬಂತು. ಮೊದಲು ಆ ಹಾಳೂರಿನ ಹೆಸರು, ನಾವು ಹೇಳದೆಯೇ. ಅಲ್ಲಿಂದ ನಿಂಗಪ್ಪ, ಅವನಿಗೆ ಇಬ್ಬರು: ಬಸಪ್ಪ, ಮಲ್ಲಪ್ಪ. ಬಸಪ್ಪನಿಗೆ ನಿಂಗಪ್ಪ, ಅವನಿಗೆ ಬಸಪ್ಪ. ನನ್ನ 32, 16, 8, 4. ಸಾಲಾಗಿ.

ಮಲ್ಲಪ್ಪ ಯಾರಿಗೂ ಗೊತ್ತಿಲ್ಲ. ಹೊಲದ ಕಾಗದದಲ್ಲಿ ಹಿರಿಯನ ಹೆಸರು ಮಾತ್ರ ಇದ್ದುದರಿಂದ ತಮ್ಮ ಎಲ್ಲೂ ಬರಲಿಲ್ಲ. 32ರ ಮೇಲೆ ಇನ್ನೂ ಎರಡು ಹೆಸರು ಕೊಟ್ಟ, ಅವಕ್ಕೆ "ಬಾ" ಹಾಕಿ ಬಿಟ್ಟಿದ್ದೇನೆ. ಹೆಂಗಸರ ಹೆಸರು ನಮ್ಮ ಪುಟದಲ್ಲಿ ಒಂದೂ ಇರಲಿಲ್ಲ. ನೀಲವ್ವನನ್ನು ಬರೆದುಕೋ ಅಂತ ಅಪ್ಪ ಹೇಳಿದರು. ಹೆಳವ ಒಂದು ಗಳಿಗೆ ತಡೆದು, ಅಂಚಿನಲ್ಲಿ ಬರೆದುಕೊಂಡ.

ಖರ್ಚು

ಓಡಾಟಕ್ಕೆ 4,600. ನಕಲು, ಝೆರಾಕ್ಸ್, ಅರ್ಜಿ ಶುಲ್ಕ 1,350. ಹೆಳವರಿಗೆ 2,000, ಜೊತೆಗೆ ಒಂದು ಚೀಲ ಜೋಳ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಾರ್ಡ್ ಡಿಸ್ಕ್ 4,200. ನೋಟ್ ಪುಸ್ತಕ, ಪೆನ್ಸಿಲ್, ಲಕೋಟೆ 240. ಲ್ಯಾಮಿನೇಷನ್ 60. ಒಟ್ಟು 12,450 ರೂಪಾಯಿ. ಹಾರ್ಡ್ ಡಿಸ್ಕ್ ತೆಗೆದುಕೊಂಡದ್ದು ಅತ್ತಿಯ ಎರಡು ಗಂಟೆ ರೆಕಾರ್ಡಿಂಗ್ ಫೋನ್ ಬದಲಿಸುವಾಗ ಅಳಿಸಿಹೋದ ಮೇಲೆ.

ಈಗ ಸಿಕ್ಕಿಕೊಂಡಿರುವ ಜಾಗ

9 ನೀಲವ್ವನ ತವರು. ಅತ್ತಿಗೆ ಗೊತ್ತಿರುವುದು ಇಷ್ಟು: "ಹೊಳಿ ಆಚಿ. ಹೊಳಿ ತುಂಬಿದ್ರ ಆಯಿಗೆ ತವರಿಗೆ ಹೋಗಾಕ ಆಗ್ತಿರಲಿಲ್ಲ, ಹರಗೋಲ ಹಾಕ್ತಿರಲಿಲ್ಲ." ಹೊಳಿ ಅಂದರೆ ತುಂಗಭದ್ರೆ. ನಮ್ಮ ಎದುರು ದಂಡೆ ಆಗ ಮೈಸೂರು ಸಂಸ್ಥಾನ. ಅಲ್ಲಿನ ದಾಖಲೆಯ ರೀತಿಯೇ ಬೇರೆ, ಬಿನ್ (ಇಂಥವರ ಮಗ), ಕೋಂ (ಇಂಥವರ ಹೆಂಡತಿ) ಅಂತ ಬರೆಯುತ್ತಾರೆ. ಊರು ಗೊತ್ತಿಲ್ಲದೆ ಎಲ್ಲಿ ಅರ್ಜಿ ಹಾಕುವುದು?

ಈಗ ಮೋಡಿ ಬರಹ ಸುಮಾರಾಗಿ ಓದಲು ಬರುತ್ತದೆ. ಹಾಗಾಗಿ ಮೊನ್ನೆ 1924ರ ಸಾಲದ ಪತ್ರ ತೆಗೆದೆ. ಸಾಲ ಮಾಡಿದವಳು ನೀಲವ್ವ. ಹೆಬ್ಬೆಟ್ಟಿನ ಪಕ್ಕ ಬರೆದಿದೆ, ಇವಳ ಎಡಗೈ ಹೆಬ್ಬೆಟ್ಟಿನ ಗುರುತು ಅಂತ. ಮೊದಲ ಎರಡು ಸಾಕ್ಷಿ ನಮ್ಮೂರಿನವರು. ಮೂರನೆಯವನ ಹೆಸರು ಅರ್ಧ ಕಾಣುತ್ತದೆ, ಅದರ ಮುಂದೆ "ಈಕೆಯ ಅಣ್ಣ, ಸಾ॥" ಅಂತ ಇದೆ. ಸಾಕಿನ್, ಅಂದರೆ ವಾಸದ ಊರು. ಅಲ್ಲಿಂದ ಮುಂದೆ ಲ್ಯಾಮಿನೇಷನ್ನಿನ ಮಡಿಕೆ.

ರಾತ್ರಿ ದೀಪ ಆರಿಸಿ, ಟಾರ್ಚನ್ನು ಕಾಗದದ ಅಂಚಿಗೆ ಮಲಗಿಸಿ ಹಿಡಿದು ಅಡ್ಡ ಬೆಳಕಿನಲ್ಲಿ ಹದಿನೆಂಟು ಫೋಟೋ ತೆಗೆದೆ. ಎರಡು ಅಕ್ಷರ ಎದ್ದು ಕಂಡವು. "ಹೊ", ಅದರ ಮುಂದೆ "ನ" ಅಥವಾ "ಸ". ಕೈಪಿಡಿಯ ಊರಿನ ಪಟ್ಟಿ ತೆಗೆದು, ಈ ಸಲ ಸೊನ್ನೆ ಸಾಲುಗಳನ್ನು ಅಳಿಸದೆ, ಹೊಳೆಯಾಚೆ ಆ ಎರಡು ಅಕ್ಷರದಿಂದ ಶುರುವಾಗುವ ಊರುಗಳನ್ನು ಗುರುತು ಹಾಕಿಕೊಂಡಿದ್ದೇನೆ. ಏಳು ಇವೆ. ಮೂರಕ್ಕೆ ಹೋಗಿ ಬಂದಾಯಿತು, ಇನ್ನು ನಾಲ್ಕು.